ಶಾಲೆ ಬಿಟ್ಟ ಮೇಲಿನ ಹೊತ್ತು



ದಸರಾ ರಜೆ ಮುಗಿದು ಪ್ರೌಢಶಾಲೆಗಳು ಮತ್ತೆ ತೆರೆದಿವೆ. ಇನ್ನು ಮಾರ್ಚ್ ತನಕ ನಮ್ಮ ಸಣ್ಣ ಊರುಗಳಲ್ಲಿ ಹತ್ತನೇ ತರಗತಿಯದೇ ಮಾತು. ಆಮೇಲೆ ಫಲಿತಾಂಶ ಬರುತ್ತದೆ, ಜಿಲ್ಲೆಗಳ ಯಾದಿ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. 2024ರ ಯಾದಿಯ ತುದಿಯಲ್ಲಿ ಶೇ. 94ರೊಂದಿಗೆ ಉಡುಪಿ ಇತ್ತು, ತಳದಲ್ಲಿ ಶೇ. 50.59ರೊಂದಿಗೆ ಯಾದಗಿರಿ. ಅಂಥ ದಿನ ನಮ್ಮ ಕಡೆಯ ಕಟ್ಟೆಗಳ ಮೇಲೆ ಮೂರು ಮಾತು ತಪ್ಪದೆ ಕೇಳಿಬರುತ್ತವೆ: ಹುಡುಗರು ಓದುವುದಿಲ್ಲ, ಮಾಸ್ತರರು ಕಲಿಸುವುದಿಲ್ಲ, ಮೊಬೈಲು ಎಲ್ಲರನ್ನೂ ಕೆಡಿಸಿತು. ಮೂರರಲ್ಲೂ ಒಂದಿಷ್ಟು ನಿಜವಿದೆ. ಆದರೆ ಈ ಮಾತಾಡುವವರಲ್ಲಿ ಎಷ್ಟು ಜನ ಪ್ರೌಢಶಾಲೆಯ ಒಬ್ಬ ಹುಡುಗನ ಅಥವಾ ಹುಡುಗಿಯ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ನೋಡಿದ್ದಾರೆ? ಈ ಸಲ ಅದನ್ನು ನೋಡೋಣ ಎಂದು ಈ ಸಂಪಾದಕೀಯ.

ಊರು ಯಾವುದಾದರೂ ಇರಲಿ. ತಾಳಿಕೋಟಿ ಎನ್ನಿ, ಕುಷ್ಟಗಿ ಎನ್ನಿ, ಶಹಾಪುರ ಎನ್ನಿ, ಔರಾದ ಎನ್ನಿ. ಒಂದು ಬಸ್ ನಿಲ್ದಾಣ, ಒಂದು ಸಂತೆ ಬಯಲು, ಒಂದು ಮಠ, ಒಂದು ಸರಕಾರಿ ಪ್ರೌಢಶಾಲೆ, ಈಚೆಗೆ ನಾಲ್ಕಾರು ಇಂಗ್ಲಿಷ್ ಮಾಧ್ಯಮದ ಶಾಲೆಗಳು. ಸರಕಾರಿ ಪ್ರೌಢಶಾಲೆಯ ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ಕೂತ ಮಕ್ಕಳಲ್ಲಿ ಊರಿನವರು ಎಷ್ಟೋ ಅಷ್ಟೇ ಸುತ್ತಲಿನ ಹಳ್ಳಿಗಳವರು. ಅವರ ಹಳ್ಳಿಯಲ್ಲಿ ಏಳನೆಯದೋ ಎಂಟನೆಯದೋ ತನಕ ಶಾಲೆಯಿದೆ. ಅಲ್ಲಿಂದ ಮುಂದೆ ಓದಬೇಕೆಂದರೆ ಹತ್ತು ಹನ್ನೆರಡು ಕಿಲೋಮೀಟರು ಬಸ್ಸು ಹತ್ತಬೇಕು.

ಹಳ್ಳಿಯ ಹುಡುಗಿ ಐದಕ್ಕೆ ಏಳುತ್ತಾಳೆ. ನಳದ ನೀರು ಯಾವಾಗ ಬರುತ್ತದೋ ಆಗಲೇ ತುಂಬಬೇಕು. ಅವ್ವ ರೊಟ್ಟಿ ಬಡಿಯುವಾಗ ಒಲೆ ನೋಡಬೇಕು, ತಮ್ಮನನ್ನು ಎಬ್ಬಿಸಬೇಕು, ಅಂಗಳ ಬಳಿಯಬೇಕು. ಹುಡುಗನಾದರೆ ಎಮ್ಮೆ ಹಿಂಡಿಸಿ ಡೇರಿಗೆ ಹಾಲು ಹಾಕಿ ಬರಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಇಬ್ಬರೂ ಶಾಲೆ ತಪ್ಪಿಸುತ್ತಾರೆ. ಕೂಲಿ ಆಳು ಸಿಗುವುದಿಲ್ಲ, ಸಿಕ್ಕರೂ ಕೊಡಲು ಹಣವಿಲ್ಲ. ಮನೆಯ ಮಕ್ಕಳ ಕೈಗಳೇ ಆಗ ಆಳು. ಹಾಜರಿ ಪುಸ್ತಕದಲ್ಲಿ ಅಕ್ಟೋಬರದಿಂದ ಜನವರಿಯವರೆಗೆ ಬೀಳುವ ಗೈರುಹಾಜರಿ ಗುರುತುಗಳನ್ನು ಯಾರಾದರೂ ಬಿಡಿಸಿ ನೋಡಿದರೆ ಅದರಲ್ಲಿ ಹತ್ತಿ, ಮೆಣಸಿನಕಾಯಿ, ತೊಗರಿ ಎಲ್ಲ ಕಾಣುತ್ತವೆ. ಕಬ್ಬು ಕಡಿಯಲು ಹೋಗುವ ಮನೆಗಳ ಮಕ್ಕಳಂತೂ ದಸರೆಯ ನಂತರ ಶಾಲೆಯ ಕಡೆ ತಲೆಹಾಕುವುದೇ ಕಡಿಮೆ.

ಬಸ್ಸಿನ ಮಾತಿಗೆ ಬರೋಣ. ಅನೇಕ ಹಳ್ಳಿಗಳಿಗೆ ಮುಂಜಾನೆ ಒಂದೇ ಬಸ್ಸು. ಅದು ಎಂಟಕ್ಕೆ ಬಂದರೆ ಮಗು ಎಂಟೂವರೆಗೆ ಪೇಟೆಯಲ್ಲಿರುತ್ತದೆ, ಶಾಲೆಯ ಗೇಟು ಇನ್ನೂ ತೆರೆದಿರುವುದಿಲ್ಲ. ಅದು ತಪ್ಪಿದರೆ ಮುಂದಿನದು ಹತ್ತೂವರೆಗೆ, ಅಷ್ಟರಲ್ಲಿ ಮೊದಲ ಅವಧಿ ಮುಗಿದು ಎರಡನೆಯದು ನಡೆದಿರುತ್ತದೆ. ಗಣಿತದ ಪಾಠ ಸಾಮಾನ್ಯವಾಗಿ ಮೊದಲ ಅವಧಿಯಲ್ಲೇ ಇಡುತ್ತಾರೆ, ಮಕ್ಕಳ ತಲೆ ಆಗ ಚುರುಕಾಗಿರುತ್ತದೆಂದು. ಬಸ್ಸಿನ ಮಕ್ಕಳು ಕಳೆದುಕೊಳ್ಳುವುದೂ ಅದನ್ನೇ. ಹುಡುಗ ಗಣಿತದಲ್ಲಿ ಹಿಂದೆ ಎಂದು ಅಪ್ಪನನ್ನು ಕರೆಸಿ ಹೇಳುವಾಗ ಬಸ್ಸಿನ ವೇಳಾಪಟ್ಟಿಯನ್ನೂ ಮೇಜಿನ ಮೇಲೆ ಇಟ್ಟರೆ ಒಳ್ಳೆಯದು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ಮಗಳ ಪಾಸಿನ ಹಣಕ್ಕಾಗಿ ಹಿಂದೆಮುಂದೆ ನೋಡುತ್ತಿದ್ದ ಎಷ್ಟೋ ಮನೆಗಳಲ್ಲಿ ಅದು ನಿಜವಾಗಿಯೂ ಬಾಗಿಲು ತೆರೆದಿದೆ. ಅದನ್ನು ಹೀಗಳೆಯುವವರೊಡನೆ ನಾವಿಲ್ಲ. ಆದರೆ ಬಸ್ಸುಗಳ ಸಂಖ್ಯೆ ಜನ ಹೆಚ್ಚಿದಷ್ಟು ಹೆಚ್ಚಲಿಲ್ಲ. ದಾರಿಯ ನಡುವಿನ ನಿಲುಗಡೆಯಲ್ಲಿ ಸಮವಸ್ತ್ರದ ಗುಂಪು ಕಂಡರೆ ಚಾಲಕ ನಿಲ್ಲಿಸುವುದಿಲ್ಲ, ನಿಲ್ಲಿಸಿದರೂ ಬಾಗಿಲಲ್ಲಿ ಜೋತುಬೀಳಬೇಕು. ಪ್ರತಿ ಮಳೆಗಾಲ ನಮ್ಮ ಭಾಗದ ಯಾವುದಾದರೊಂದು ತಾಲ್ಲೂಕಿನಲ್ಲಿ ಮಕ್ಕಳು ಪಾಟೀಚೀಲ ಹೆಗಲಿಗೆ ಹಾಕಿಕೊಂಡೇ ರಸ್ತೆಗೆ ಅಡ್ಡ ಕೂತ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾದಾಗ ನಾಲ್ಕೈದು ಕಿಲೋಮೀಟರಿನ ಹಳ್ಳಿಗಳ ಹೆಣ್ಣುಮಕ್ಕಳು ಗುಂಪಾಗಿ ಸೈಕಲ್ ತುಳಿದು ಬರುವುದು ಒಂದು ನೋಟವಾಗಿತ್ತು. ಕೊರೋನಾ ಕಾಲದಲ್ಲಿ ಆ ವಿತರಣೆ ನಿಂತಿತು. ಬೇರೆಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ ಮಾಡಿದ ಯೋಜನೆ ಅದೆಂದು ನಮ್ಮ ಅನಿಸಿಕೆ.

ಶಾಲೆಯೊಳಗಿನ ದಿನ ಬಹುಮಟ್ಟಿಗೆ ನಿಮಗೆ ಗೊತ್ತಿರುವುದೇ. ಪ್ರಾರ್ಥನೆ, ನಾಡಗೀತೆ, ಈಚಿನ ವರ್ಷಗಳಲ್ಲಿ ಸಂವಿಧಾನದ ಪೀಠಿಕೆಯ ಓದು, ಒಬ್ಬ ಹುಡುಗಿ ಅಂದಿನ ಪತ್ರಿಕೆಯ ಮುಖ್ಯಾಂಶ ಓದುವುದು, ಆಮೇಲೆ ಬಿಸಿ ಹಾಲು. ಆಮೇಲೆ ಪಾಠ. ಒಂದೆರಡು ವಿಷಯಗಳಿಗೆ ಅತಿಥಿ ಶಿಕ್ಷಕರು; ಅವರು ಬರುವುದೇ ಜೂನ್ ಕಳೆದ ಮೇಲೆ. ಪ್ರಯೋಗಾಲಯದ ಸಾಮಾನು ಕಪಾಟಿನಲ್ಲಿ ಭದ್ರವಾಗಿರುತ್ತದೆ, ಒಡೆದರೆ ಲೆಕ್ಕ ಕೊಡಬೇಕಲ್ಲ.

ಆದರೆ ಒಂದು ಸಂಗತಿಯನ್ನು ಮಾತ್ರ ಬಿಡಿಸಿ ಹೇಳಬೇಕು. ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಕನ್ನಡದ ಒಂದು ಪುಟವನ್ನು ತಡವರಿಸದೆ ಓದಲಾಗದವರಿದ್ದಾರೆ. ಜೂನ್ ತಿಂಗಳ ಸೇತುಬಂಧದ ಕೆಲವು ದಿನಗಳಲ್ಲಿ ಏಳು ವರ್ಷದ ಕೊರತೆ ತುಂಬುವುದಿಲ್ಲ. ಈ ಮಕ್ಕಳು ದಡ್ಡರಲ್ಲ. ತಮ್ಮ ಕೊರತೆಯನ್ನು ಮುಚ್ಚಿಡುವುದರಲ್ಲಿ ಅವರು ತೋರಿಸುವ ಜಾಣತನ ನೋಡಿದರೆ ಅದು ಗೊತ್ತಾಗುತ್ತದೆ. ಅವರ ನೋಟ್‌ಬುಕ್ ಬಿಡಿಸಿ, ಅಕ್ಷರ ದುಂಡಗಿರುತ್ತದೆ. ಗೈಡಿನ ಉತ್ತರ ಸಾಲುಸಾಲಾಗಿ ಇಳಿದಿರುತ್ತದೆ, ಕೆಳಗೆ ಮಾಸ್ತರರ ಕೆಂಪು ಗುರುತೂ ಇರುತ್ತದೆ. ಅದೇ ಪುಟವನ್ನು ಓದು ಎಂದರೆ ಹುಡುಗ ತಲೆ ತಗ್ಗಿಸುತ್ತಾನೆ. ಅವನು ಬರೆದದ್ದಲ್ಲ ಅದು, ಚಿತ್ರ ಬಿಡಿಸಿದಂತೆ ಬಿಡಿಸಿದ್ದು. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂರುವುದನ್ನು ಅವನು ಕಲಿತಿರುತ್ತಾನೆ. ಗಲಾಟೆ ಮಾಡುವ ಹುಡುಗನ ಹೆಸರು ಎಲ್ಲ ಮಾಸ್ತರರಿಗೂ ಗೊತ್ತು, ಈ ಹುಡುಗನ ಹೆಸರು ಹಾಜರಿ ಕರೆಯುವಾಗ ಮಾತ್ರ ಕೇಳಿಬರುತ್ತದೆ.

ಹತ್ತನೆಯ ತರಗತಿಗೆ ಬಂದಾಗ ಅವನ ಪಾಲಿಗೆ ಇರುವುದು ಪಾಸಾಗುವ ಪಾಠದ ಕಟ್ಟು. ಪಾಸಿಂಗ್ ಪ್ಯಾಕೇಜ್ ಎಂದೇ ಎಲ್ಲರೂ ಕರೆಯುವುದು. ಈ ನಕ್ಷೆ ಬಿಡಿಸು, ಈ ಚಿತ್ರ ಬಿಡಿಸು, ಈ ಪದ್ಯ ಬಾಯಿಪಾಠ ಮಾಡು, 625ರಲ್ಲಿ ಇಷ್ಟು ಬಂದೀತು. ಮಾಸ್ತರರನ್ನು ಬೈಯಲು ನಮಗೆ ಮನಸ್ಸಿಲ್ಲ. ನಸುಕಿನ ಐದಕ್ಕೆ ಫೋನು ಮಾಡಿ ಮಕ್ಕಳನ್ನು ಓದಲು ಎಬ್ಬಿಸುವ ಮಾಸ್ತರರನ್ನೂ ನಾವು ಬಲ್ಲೆವು. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು. ಅದರ ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ರವರೆಗೆ ಏರಿಸಿದ ಮೇಲೆ. ಕ್ಯಾಮೆರಾ ಮಕ್ಕಳನ್ನು ದಡ್ಡರನ್ನಾಗಿ ಮಾಡಲಿಲ್ಲ. ನಾವು ಎಷ್ಟೋ ವರ್ಷಗಳಿಂದ ಕಣ್ಣು ಮುಚ್ಚಿಕೊಂಡಿದ್ದ ಲೆಕ್ಕವನ್ನು ತೋರಿಸಿತು, ಅಷ್ಟೆ.

ಮಧ್ಯಾಹ್ನದ ಊಟದ ಬಗ್ಗೆ ಈ ಪತ್ರಿಕೆಯ ಓದುಗರೊಡನೆ ವಿಶೇಷವಾಗಿ ಮಾತಾಡಬೇಕು, ಏಕೆಂದರೆ ಅದಕ್ಕಿಟ್ಟ ಹೆಸರು ನಮ್ಮ ಮನೆಯಿಂದ ಹೋದದ್ದು. 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾದ ಈ ಬಿಸಿಯೂಟಕ್ಕೆ ಸರಕಾರ ಅಕ್ಷರ ದಾಸೋಹ ಎಂದು ಕರೆಯಿತು; 2007-08ರ ಹೊತ್ತಿಗೆ ಪ್ರೌಢಶಾಲೆಯ ಮಕ್ಕಳಿಗೂ ಅದು ಬಂತು. ಬೆಳಿಗ್ಗೆ ಒಂದು ರೊಟ್ಟಿಯನ್ನು ಚಹದಲ್ಲಿ ಅದ್ದಿ ತಿಂದು ಬಸ್ಸು ಹತ್ತಿದ ಮಗುವಿಗೆ ಅದೇ ದಿನದ ಹೊಟ್ಟೆ ತುಂಬುವ ಊಟ. ಸಾಲಾಗಿ ಕೂತು ಎಲ್ಲರೂ ಉಣ್ಣಬೇಕು. ಹಾಗೆ ಆಗುತ್ತಿದೆಯೇ? ಹೆಚ್ಚಿನ ಶಾಲೆಗಳಲ್ಲಿ ಆಗುತ್ತಿದೆ, ಅದಕ್ಕಾಗಿ ಅಡುಗೆಯ ತಾಯಂದಿರಿಗೆ ಶರಣು. ಆದರೆ ಪ್ರತಿ ಶಾಲೆಯಲ್ಲಿಯೂ ಹುಣಸೆ ಮರದ ಕೆಳಗೆ ಡಬ್ಬಿ ಬಿಚ್ಚುವ ಒಂದು ಸಣ್ಣ ಗುಂಪಿದೆ. ಕಾರಣ ಕೇಳಿದರೆ ಅನ್ನ ಒಗ್ಗುವುದಿಲ್ಲ, ಸಾರು ಖಾರ ಎನ್ನುತ್ತವೆ ಮಕ್ಕಳು. ಕೆಲವರಿಗೆ ನಿಜವಾಗಿಯೂ ಒಗ್ಗದಿರಬಹುದು. ಅಡುಗೆ ಮಾಡುವವರು ಯಾರು ಎಂಬುದೂ ಮನೆಯಲ್ಲಿ ಮಾತಾಗಿರುತ್ತದೆ ಎನ್ನುವುದನ್ನು ನಾವು ಬಲ್ಲೆವು, ನೀವೂ ಬಲ್ಲಿರಿ. ಕೊರಳಲ್ಲಿ ಇಷ್ಟಲಿಂಗವಿರುವ ಮನೆಯಿಂದ ಆ ಡಬ್ಬಿ ಬಂದಿದ್ದರೆ, ಹನ್ನೆರಡನೆಯ ಶತಮಾನದ ಕಥೆಯನ್ನು ಆ ಮಗುವಿಗೆ ವೇದಿಕೆಯ ಮೇಲೆ ಹೇಳಿ ಏನು ಪ್ರಯೋಜನ? ಮಕ್ಕಳು ತಾವಾಗಿ ಹೀಗೆ ಕೂರುವುದಿಲ್ಲ. ಅವರ ನಡುವೆ ಪೆನ್ನು, ಸೈಕಲ್ಲು, ಹುಣಸೆಕಾಯಿ, ಪರೀಕ್ಷೆಯ ಉತ್ತರ ಎಲ್ಲವೂ ಹಂಚಿಕೆಯಾಗುತ್ತವೆ. ಒಳಪಂಗಡದ ಹೆಸರು ಹಿಡಿದು ಅಡ್ಡಹೆಸರು ಕೂಗುವುದನ್ನು ಅವರು ಕಲಿಯುವುದು ನಮ್ಮ ಪಡಸಾಲೆಗಳಲ್ಲಿ.

ಮೊಟ್ಟೆಯ ಮಾತನ್ನೂ ಇಲ್ಲಿಯೇ ಮುಗಿಸುತ್ತೇವೆ. 2021ರ ಕೊನೆಯಲ್ಲಿ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಗಳಿಂದ ವಿರೋಧ ಬಂತು. ಬೇಡವೆಂದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದ ಮಾತು ನಾಡೆಲ್ಲ ಹರಡಿತು. ಅದು ಉದ್ಧಟತನ ಎಂದು ನೊಂದುಕೊಂಡವರಿದ್ದಾರೆ. ನಮಗೆ ಅದು ಹಸಿದವಳ ಮಾತಾಗಿ ಕೇಳಿಸಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ತಿನ್ನುವ ಮಗು, ತಿನ್ನದ ಮಗು ಒಂದೇ ಸಾಲಿನಲ್ಲಿ ಕೂತಿದ್ದರೆ ಉಳಿದದ್ದು ದೊಡ್ಡ ವಿಷಯವಲ್ಲ.

ಈಗ ನಾಲ್ಕೂವರೆಯ ಗಂಟೆ. ಈ ಲೇಖನ ಬರೆಯಲು ಕಾರಣವಾದದ್ದು ಇಲ್ಲಿಂದ ಮುಂದಿನ ಹೊತ್ತು.

ಹಳ್ಳಿಗೆ ಹೋಗುವ ಬಸ್ಸು ಆರೂವರೆಗೆ. ವೇಳಾಪಟ್ಟಿಯಲ್ಲಿ ಆರೂವರೆ, ಬರುವುದು ಏಳಕ್ಕೆ. ಅಂದರೆ ದಿನಕ್ಕೆ ಎರಡು, ಎರಡೂವರೆ ತಾಸು ಹಳ್ಳಿಯ ಮಕ್ಕಳು ಬಸ್ ನಿಲ್ದಾಣದಲ್ಲಿ ನಿಂತಿರುತ್ತಾರೆ. ವಾರಕ್ಕೆ ಆರು ದಿನ, ವರ್ಷಕ್ಕೆ ಹತ್ತು ತಿಂಗಳು, ಹೀಗೆ ಮೂರು ವರ್ಷ. ಶನಿವಾರದ ಅರ್ಧ ದಿನವನ್ನು ಬೇಕಾದರೆ ಬಿಡಿ. ಅಲ್ಲಿ ಓದಲು ಬೆಳಕಿಲ್ಲ, ಕೂರಲು ಬೆಂಚಿದ್ದರೆ ಅದರ ಮೇಲೆ ಯಾರೋ ಮಲಗಿರುತ್ತಾರೆ. ಹೆಣ್ಣುಮಕ್ಕಳು ಒಂದು ಕಂಬಕ್ಕೆ ಆತು ಗುಂಪಾಗಿ ನಿಲ್ಲುತ್ತಾರೆ, ನೀರು ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ನಿಲ್ದಾಣದ ಶೌಚಾಲಯಕ್ಕೆ ಹೋಗಲು ಅವರಿಗೆ ಹೆದರಿಕೆ. ಮಧ್ಯಾಹ್ನದ ಊಟದ ನಂತರ ಮನೆ ಮುಟ್ಟುವವರೆಗೆ ನೀರು ಕುಡಿಯದ ಹುಡುಗಿಯರಿದ್ದಾರೆ. ಗಂಡುಹುಡುಗರು ಚದುರುತ್ತಾರೆ. ಪಾನಂಗಡಿ, ಮೊಬೈಲ್ ಅಂಗಡಿ, ಹಿಂದಿನ ಬಯಲು. ಗುಟಕಾದ ಮೊದಲ ಚೀಟಿ ಹರಿಯುವುದು ಇಲ್ಲಿ, ದುಡ್ಡು ಕಟ್ಟುವ ಮೊಬೈಲ್ ಆಟದ ಮೊದಲ ಪಾಠವೂ ಇಲ್ಲಿ. ಶಾಲೆಯ ಹುಡುಗರು ಕೆಡುತ್ತಾರೆ ಎಂದು ಊರು ಹೇಳುತ್ತದೆ. ಎಷ್ಟು ಗಂಟೆಗೆ ಕೆಡುತ್ತಾರೆ ಎಂದು ಯಾರೂ ಕೇಳಿದ್ದಿಲ್ಲ.

ಇನ್ನೊಂದು ವಿಚಿತ್ರವಿದೆ. ಕಲಿಕೆಯಲ್ಲಿ ಹಿಂದೆ ಬಿದ್ದವರಿಗಾಗಿ ಶಾಲೆ ಐದರಿಂದ ಆರರವರೆಗೆ ವಿಶೇಷ ತರಗತಿ ಇಡುತ್ತದೆ. ಹಳ್ಳಿಗೆ ಐದೂವರೆಗೆ ಒಂದೇ ಬಸ್ಸಿದ್ದರೆ ಆ ಊರಿನ ಮಕ್ಕಳು ಅದನ್ನು ಬಿಟ್ಟು ಕೂರಲಾರರು. ಕೊನೆಗೆ ವಿಶೇಷ ತರಗತಿಯಲ್ಲಿ ಕೂರುವವರು ಪೇಟೆಯಲ್ಲೇ ಮನೆಯಿರುವವರು, ಆರಕ್ಕೆ ಅಲ್ಲಿಂದೆದ್ದು ಟ್ಯೂಷನ್ನಿಗೂ ಹೋಗುವವರು. ಯಾರಿಗೆ ಬೇಕೋ ಅವರಿಗೆ ಸಿಗದಂತೆ ಏರ್ಪಾಡು ಮಾಡಬೇಕೆಂದು ಯಾರೂ ಕೂತು ಯೋಚಿಸಿರಲಿಕ್ಕಿಲ್ಲ, ಆದರೆ ಆಗಿರುವುದು ಹಾಗೆಯೇ.

ಹುಡುಗಿಯರ ಮಟ್ಟಿಗೆ ಈ ಎರಡು ತಾಸಿನ ಬೆಲೆ ಇನ್ನೂ ದೊಡ್ಡದು. ನಿಲ್ದಾಣದಲ್ಲಿ ಅವಳು ತನ್ನ ತರಗತಿಯ ಹುಡುಗನೊಡನೆ ಗಣಿತದ ಉತ್ತರವನ್ನೇ ಕೇಳಿರಲಿ, ಆ ಸುದ್ದಿ ಅವಳಿಗಿಂತ ಮೊದಲು ಹಳ್ಳಿ ಮುಟ್ಟುತ್ತದೆ. ಸಾಕು ಶಾಲೆ ಎಂದು ಒಬ್ಬ ಕಾಕಾ ಹೇಳುತ್ತಾನೆ. ಬೇಸಿಗೆ ರಜೆಯಲ್ಲಿ ಒಂದು ಸಂಬಂಧ ಬರುತ್ತದೆ. ಜೂನ್‌ನಲ್ಲಿ ಹತ್ತನೆಯ ತರಗತಿಯ ಹಾಜರಿಯಲ್ಲಿ ಅವಳ ಹೆಸರು ಕೂಗಿದರೆ ಉತ್ತರವಿಲ್ಲ. ಪಕ್ಕದವಳು ನೆಲ ನೋಡುತ್ತಾಳೆ. 2024ರ ಹತ್ತನೇ ತರಗತಿಯಲ್ಲಿ ಪಾಸಾದ ಹುಡುಗಿಯರು ಶೇ. 81.11, ಹುಡುಗರು ಶೇ. 65.90. ಶಾಲೆಯಲ್ಲಿ ಉಳಿದ ಹುಡುಗಿ ಹುಡುಗನಿಗಿಂತ ಎಷ್ಟು ಮುಂದಿದ್ದಾಳೆ ನೋಡಿ. ಪರೀಕ್ಷೆಗೆ ಕೂರುವ ಮೊದಲೇ ಹೊಸ್ತಿಲು ದಾಟಿಸಿ ಕಳಿಸಿದವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಇಲ್ಲಿ ಮಠಗಳ ಪಾಲೂ ಇದೆ. ಹದಿನೆಂಟು ತುಂಬದವಳ ಮದುವೆ ಕರ್ನಾಟಕದಲ್ಲಿ ಬರೀ ದಂಡದ ಅಪರಾಧವಲ್ಲ. ನಮ್ಮ ರಾಜ್ಯ ತಂದ ತಿದ್ದುಪಡಿಯ ನಂತರ ಅಂಥ ಮದುವೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ಆದರೂ ಲಗ್ನಪತ್ರಿಕೆ ಹಿಡಿದು ಆಶೀರ್ವಾದಕ್ಕೆ ಬಂದವರನ್ನು ನಮ್ಮ ಪೂಜ್ಯರು ಮನೆತನ ಕೇಳುತ್ತಾರೆ, ಊರು ಕೇಳುತ್ತಾರೆ. ಹುಡುಗಿ ಎಷ್ಟನೆಯ ತರಗತಿ ಎಂಬ ಒಂದು ಪ್ರಶ್ನೆ ಸೇರಿಸಿದರೆ ಎಷ್ಟೋ ಪತ್ರಿಕೆಗಳು ಮಠದ ಬಾಗಿಲಿನಿಂದಲೇ ಹಿಂದಿರುಗುತ್ತವೆ. ಸಾಮೂಹಿಕ ವಿವಾಹ ನಡೆಸುವ ಮಠಗಳು ವಯಸ್ಸಿನ ದಾಖಲೆ ಕೇಳುವುದನ್ನು ಕಲಿತಿವೆ. ಮಠದ ಕಲ್ಯಾಣ ಮಂಟಪವನ್ನು ಬಾಡಿಗೆಗೆ ಕೊಡುವಾಗಲೂ ಅದನ್ನೇ ಕೇಳಲಿ.

ಕಲ್ಯಾಣ ಮಂಟಪದ ಮಾತು ಬಂತಲ್ಲ. ಸಣ್ಣ ಊರುಗಳಲ್ಲಿ ಬಸ್ ನಿಲ್ದಾಣದಿಂದ ಮಠ ದೂರವಿರುವುದಿಲ್ಲ, ನಾಲ್ಕುನೂರು ಹೆಜ್ಜೆ, ಹೆಚ್ಚೆಂದರೆ ಎಂಟುನೂರು. ಕಳೆದ ಇಪ್ಪತ್ತು ವರ್ಷಗಳಲ್ಲಿ ಭಕ್ತರ ಹಣದಿಂದ ಎಂಥೆಂಥ ಸಭಾಭವನಗಳು ಎದ್ದಿವೆ! ನೆಲಕ್ಕೆ ಗ್ರಾನೈಟು, ಮೇಲೆ ಸಾಲು ಪಂಖಾ, ಕೊಳವೆಬಾವಿ, ಸಾಲು ಶೌಚಾಲಯ, ವಿದ್ಯುತ್ ಹೋದರೆ ಜನರೇಟರು. ಶ್ರಾವಣದಲ್ಲಿ ಒಂದು ತಿಂಗಳು ಪ್ರವಚನ, ಜಾತ್ರೆಗೆ ಒಂದು ವಾರ, ಮುಹೂರ್ತವಿದ್ದ ದಿನ ಮದುವೆ. ಉಳಿದ ದಿನ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಆ ಬಾಗಿಲಿಗೆ ಬೀಗ. ಬೀಗದ ಈಚೆ ನಾಲ್ಕುನೂರು ಹೆಜ್ಜೆಯಲ್ಲಿ ನೀರು ಕುಡಿಯಲು ಅಂಜುವ ಹುಡುಗಿಯರ ಗುಂಪು.

ಆ ಬೀಗ ತೆರೆಯಬೇಕು. ಈ ಲೇಖನದಲ್ಲಿ ನಾವು ಕೇಳುವುದು ಇಷ್ಟನ್ನೇ.

ಇದು ಹೊಸದೇನೂ ಅಲ್ಲ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಪ್ರಸಾದ ನಿಲಯ ನಡೆಸಿದಾಗ ಧಾರವಾಡದಲ್ಲಿ ಶಾಲೆ ಕಾಲೇಜುಗಳು ಇರಲಿಲ್ಲವೆಂದಲ್ಲ, ಇದ್ದವು. ಹಳ್ಳಿಯ ಹುಡುಗನಿಗೆ ಅಲ್ಲಿ ಉಳಿಯಲು ಒಂದು ಮೂಲೆ, ಉಣ್ಣಲು ಒಂದು ರೊಟ್ಟಿ, ಓದಲು ಒಂದು ದೀಪ ಇರಲಿಲ್ಲ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ನಮಗೆಲ್ಲ ಹೆಮ್ಮೆಯ ಕಥೆ. ಆ ಕಥೆಯ ಇನ್ನೊಂದು ಅರ್ಧವನ್ನು ನಾವು ಅಷ್ಟಾಗಿ ಹೇಳುವುದಿಲ್ಲ: ಅವರು ದಲಿತರ ಮಕ್ಕಳನ್ನು ಪ್ರಸಾದ ನಿಲಯದೊಳಕ್ಕೆ ತಂದು ಜೊತೆಗೆ ಕೂರಿಸಿ ಉಣಿಸಿದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ ಅಕ್ಷರ ಕೊಟ್ಟದ್ದು 2019ರ ತನಕ ನಮ್ಮ ಕಣ್ಣ ಮುಂದೆಯೇ ನಡೆಯಿತು, ಇಂದಿಗೂ ಅಲ್ಲಿ ನಡೆದಿದೆ. ಈ ಹಿರಿಯರು ತಮ್ಮ ಕಾಲದ ಮಗುವಿಗೆ ಶಾಲೆಯ ಹೊರಗೆ ಏನು ಕಡಿಮೆ ಬಿದ್ದಿದೆ ಎಂದು ನೋಡಿದರು, ಅದನ್ನು ಕೊಟ್ಟರು. ಆಗ ಕಡಿಮೆ ಬಿದ್ದದ್ದು ರಾತ್ರಿಯ ಆಸರೆ, ಈಗ ಸಂಜೆಯ ಎರಡು ತಾಸು. ಇದು ಎಷ್ಟು ಅಗ್ಗ ನೋಡಿ.

ನಮ್ಮ ಕಾಲದ ಮಠಗಳು ಶಿಕ್ಷಣಕ್ಕೆ ಏನೂ ಮಾಡುತ್ತಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾಡುತ್ತಿವೆ, ಆದರೆ ಯಾರಿಗೆ? ಹಳದಿ ಬಸ್ಸುಗಳು ಹಳ್ಳಿಗೆ ಹೋಗಿ ಶುಲ್ಕ ಕಟ್ಟಿದ ಮನೆಯ ಮಕ್ಕಳನ್ನು ಬಾಗಿಲಿನಿಂದ ಕರೆತಂದು ಬಾಗಿಲಿಗೆ ಬಿಡುತ್ತವೆ. ಅದೇ ರಸ್ತೆಯ ಪಕ್ಕದಲ್ಲಿ ಸರಕಾರಿ ಶಾಲೆಯ ಮಗು ನಿಂತು ಆ ಬಸ್ಸನ್ನು ನೋಡುತ್ತದೆ. ಬಸ್ಸಿನ ಮೇಲೆ ಅಣ್ಣನವರ ಚಿತ್ರವಿರುತ್ತದೆ. ಇದನ್ನು ಚುಚ್ಚಲು ಬರೆಯುತ್ತಿಲ್ಲ. ಆ ಶಾಲೆಗಳ ಆಡಳಿತ ಮಂಡಳಿಯಲ್ಲಿರುವ ಶರಣರು ಈ ಪತ್ರಿಕೆಯನ್ನೂ ಓದುತ್ತಾರೆ, ಓದಿ ನೊಂದುಕೊಳ್ಳುವ ಮೊದಲು ಒಂದು ಸಂಜೆ ಆ ರಸ್ತೆಯಲ್ಲಿ ನಿಂತು ನೋಡಲಿ.

ಬಾಗಿಲು ತೆರೆಯಿರಿ ಎಂದಾಗ ಬರುವ ಆಕ್ಷೇಪಗಳು ನಮಗೆ ಗೊತ್ತು. ಸಾಮಾನು ಕಳುವಾಗುತ್ತದೆ. ಗೋಡೆ ಹೊಲಸಾಗುತ್ತದೆ. ಹುಡುಗರು ಹುಡುಗಿಯರು ಒಂದೇ ಕಡೆ ಹೇಗೆ? ವಿದ್ಯುತ್ ಬಿಲ್ಲು ಯಾರು ಕಟ್ಟಬೇಕು? ಬಿಲ್ಲಿನ ಮಾತು ಬಿಡಿ, ಜಾತ್ರೆಯ ಒಂದು ದಿನದ ದೀಪಾಲಂಕಾರದ ಖರ್ಚಿನಲ್ಲಿ ನಾಲ್ಕು ಟ್ಯೂಬ್‌ಲೈಟು ಎಷ್ಟು ಸಂಜೆ ಉರಿಯುತ್ತವೆ ಎಂದು ಲೆಕ್ಕ ಬರೆಯುವವರೇ ಹೇಳಲಿ. ಹುಡುಗ ಹುಡುಗಿಯರು ಬಸ್ ನಿಲ್ದಾಣದಲ್ಲಿ ಈಗಲೂ ಒಂದೇ ಕಡೆ ಇದ್ದಾರೆ, ಹಿರಿಯರ ಕಣ್ಣಿಲ್ಲದೆ. ಹೇಳದೆ ಉಳಿಯುವ ಆಕ್ಷೇಪ ಇನ್ನೊಂದಿದೆ, ಅದೇ ಎಲ್ಲಕ್ಕಿಂತ ಭಾರ: ಯಾರ್ಯಾರ ಮಕ್ಕಳು ಬರುತ್ತಾರೋ. ಎಲ್ಲರ ಮಕ್ಕಳೂ ಬರುತ್ತಾರೆ. ಕೇರಿಯ ಮಕ್ಕಳು, ತಾಂಡಾದ ಮಕ್ಕಳು, ಮುಸಲ್ಮಾನರ ಮಕ್ಕಳು. ಬಾರದಂತೆ ಮಾಡುವುದಾದರೆ ಬೀಗ ಇದ್ದ ಹಾಗೆಯೇ ಇರಲಿ.

ಏನು ಬೇಕು? ಹಾಸಲು ಜಮಖಾನೆ, ಅದು ಮಠದಲ್ಲಿ ಇದ್ದೇ ಇದೆ. ಕುಡಿಯುವ ನೀರು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಹಾಕಿಕೊಳ್ಳಲು ಒಂದು ಗಟ್ಟಿ ಚಿಲಕ. ಇದು ಸಣ್ಣ ಮಾತೆಂದು ತಿಳಿಯಬೇಡಿ. ಮೂರು ತರಗತಿಯ ಪಠ್ಯಪುಸ್ತಕಗಳ ಎರಡೆರಡು ಜೊತೆ, ಒಂದು ನಿಘಂಟು, ಹಳೆಯ ಪ್ರಶ್ನೆಪತ್ರಿಕೆಗಳು, ಅಂದಿನ ದಿನಪತ್ರಿಕೆ. ಒಂದು ಬೊಗಸೆ ಮಂಡಕ್ಕಿ ಚೂಡಾ ಕೊಟ್ಟರೆ ಹೊಟ್ಟೆಗೂ ಆದೀತು, ಮಕ್ಕಳು ತಪ್ಪದೆ ಬಂದಾರು. ಪ್ರತಿ ಊರಿನಲ್ಲಿಯೂ ನಿವೃತ್ತ ಮಾಸ್ತರರು, ಬಾಯಿಯವರು ಇದ್ದಾರೆ. ಸಂಜೆ ಅವರಿಗೆ ಹೊತ್ತು ಹೋಗುವುದಿಲ್ಲ. ಅಕ್ಕನ ಬಳಗದ ತಾಯಂದಿರು ವಾರಕ್ಕೊಬ್ಬರಂತೆ ಸರದಿ ಮಾಡಿಕೊಂಡರೆ ಹೆಣ್ಣುಮಕ್ಕಳ ಮನೆಯವರಿಗೂ ಧೈರ್ಯ. ಹಳ್ಳಿಯ ತಂದೆಗೆ ಮಗಳು ಸಂಜೆ ಬಸ್ ಸ್ಟ್ಯಾಂಡಿನಲ್ಲಿದ್ದಾಳೆ ಎನ್ನುವುದಕ್ಕೂ ಮಠದಲ್ಲಿ ಓದುತ್ತಾ ಕೂತಿದ್ದಾಳೆ ಎನ್ನುವುದಕ್ಕೂ ಇರುವ ಅಂತರವನ್ನು ನಾವು ವಿವರಿಸಬೇಕಿಲ್ಲ. ಒಂಬತ್ತನೆಯ ತರಗತಿಗೆ ನಿಲ್ಲುವ ಕೆಲವು ಓದುಗಳು ಅಷ್ಟರಿಂದಲೇ ಹತ್ತನೆಯದಕ್ಕೆ ಮುಟ್ಟುತ್ತವೆ.

ಇದನ್ನು ಟ್ಯೂಷನ್ ಮಾಡುವುದು ಬೇಡ. ಪಾಠ ಶಾಲೆಯಲ್ಲಾಗಲಿ. ಇಲ್ಲಿ ಬರುವ ಮಾಸ್ತರರು ಮಾಡಬೇಕಾದದ್ದು ಎಂಟನೆಯ ತರಗತಿಯ ಆ ಮೌನದ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ದಿನಕ್ಕೆ ಅರ್ಧ ಪುಟ ಗಟ್ಟಿಯಾಗಿ ಓದಿಸುವುದು. ಉಳಿದವರ ಮುಂದೆ ಅಲ್ಲ, ಒಂದು ಮೂಲೆಯಲ್ಲಿ. ದಿನಕ್ಕೆ ಅರ್ಧ ಪುಟವೆಂದರೆ ಬೇಸಿಗೆ ರಜೆಯ ಹೊತ್ತಿಗೆ ಅವನ ಕನ್ನಡ ಪಠ್ಯದ ಬಹುಭಾಗ ಅವನ ಬಾಯಿಯಿಂದಲೇ ಬಂದಿರುತ್ತದೆ. ಮತ್ತೊಂದು ಮಾತು, ನಮ್ಮವರಿಗೆ ಕಷ್ಟವಾದರೂ ಹೇಳಲೇಬೇಕು: ಬಂದ ಮಕ್ಕಳಿಗೆ ಪೂಜೆಯ ಷರತ್ತು ಬೇಡ, ವಿಭೂತಿಯ ಷರತ್ತು ಬೇಡ, ದಾಖಲೆ ಪುಸ್ತಕದಲ್ಲಿ ಜಾತಿಯ ಕಾಲಮ್ಮು ಬೇಡ. ಹೆಸರು, ತರಗತಿ, ಹಳ್ಳಿ, ಬಸ್ಸಿನ ಹೊತ್ತು. ಬಸ್ಸಿನ ಹೊತ್ತು ಮುಖ್ಯ, ಏಕೆಂದರೆ ಓದಿನಲ್ಲಿ ಮುಳುಗಿ ಬಸ್ಸು ತಪ್ಪಿಸಿಕೊಂಡರೆ ಮರುದಿನ ಮನೆಯವರು ಕಳಿಸುವುದಿಲ್ಲ.

ಬಸ್ಸಿನ ವಿಷಯದಲ್ಲಿ ಪೂಜ್ಯರಿಂದ ಆಗುವ ಕೆಲಸ ಇನ್ನೊಂದಿದೆ. ಮಕ್ಕಳು ರಸ್ತೆಗೆ ಕೂತರೆ ಪೊಲೀಸರು ಬರುತ್ತಾರೆ. ಮುಖ್ಯೋಪಾಧ್ಯಾಯರು ಪತ್ರ ಬರೆದರೆ ಅದು ಕಡತಕ್ಕೆ ಸೇರುತ್ತದೆ. ಮಠದ ಮುದ್ರೆಯಿರುವ ಪತ್ರ ಘಟಕದ ವ್ಯವಸ್ಥಾಪಕರ ಮೇಜಿಗೆ ಹೋದರೆ ಅದನ್ನು ಓದುತ್ತಾರೆ, ಬಹುಶಃ ಎದ್ದು ಬಂದು ಕಾಣುತ್ತಾರೆ. ಹತ್ತೂವರೆಯ ಬಸ್ಸು ಒಂಬತ್ತಕ್ಕೆ ಹೊರಡಲು ಹೊಸ ಬಸ್ಸು ಕೊಳ್ಳಬೇಕಿಲ್ಲ, ಪಟ್ಟಿಯಲ್ಲಿ ಒಂದು ಗೆರೆ ಬದಲಾಗಬೇಕು. ಅಧಿಕಾರಿಗಳ ವರ್ಗಾವಣೆಗೆ, ಟಿಕೆಟ್ಟಿಗೆ, ಕಾಮಗಾರಿಗೆ ಮಠಗಳಿಂದ ಪತ್ರಗಳು ಹೋಗುತ್ತವೆ ಎಂದು ಜನ ಆಡಿಕೊಳ್ಳುತ್ತಾರೆ. ಒಂದು ಪತ್ರ ಎಂಟನೆಯ ತರಗತಿಯ ಗಣಿತಕ್ಕಾಗಿ ಹೋಗಲಿ.

ಯಾವ ಮಠ, ಯಾವ ಬಸವ ಕೇಂದ್ರ, ಯಾವ ಸಂಘ ಇದನ್ನು ಶುರುಮಾಡುತ್ತದೋ ಅವರು ನಮಗೆ ತಿಳಿಸಿದರೆ ಸಾಕು. ಉದ್ಘಾಟನೆಯ ಚಿತ್ರ ಕಳಿಸುವುದು ಬೇಡ. ಮೂರು ತಿಂಗಳ ನಂತರ ಎಷ್ಟು ಮಕ್ಕಳು ಬರುತ್ತಿದ್ದಾರೆ, ಅವರಲ್ಲಿ ಹುಡುಗಿಯರೆಷ್ಟು, ಏನು ತೊಡಕಾಯಿತು ಎಂದು ಬರೆಯಿರಿ. ತೊಡಕುಗಳನ್ನೂ ಅಚ್ಚು ಹಾಕುತ್ತೇವೆ, ಇನ್ನೊಂದು ಊರಿನವರಿಗೆ ಅವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮದುವೆಯಿದ್ದ ದಿನ ಸಭಾಭವನ ಸಿಗುವುದಿಲ್ಲ ಎನ್ನುವುದಾದರೆ ಆ ದಿನ ದಾಸೋಹದ ಪಡಸಾಲೆಯಲ್ಲಿ ಕೂರಿಸಿ. ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಒಬ್ಬರ ಬಳಿ ಮಾತ್ರ ಬೇಡ, ಅವರು ಊರಿಗೆ ಹೋದ ದಿನ ಮಕ್ಕಳು ಬಾಗಿಲಲ್ಲಿ ನಿಲ್ಲುತ್ತಾರೆ. ಕೊನೆಯ ಬಸ್ಸು ಹೊರಡುವ ಹತ್ತು ನಿಮಿಷ ಮೊದಲು ಮಕ್ಕಳನ್ನು ಎಬ್ಬಿಸಿ ಕಳಿಸಬೇಕು. ಬಸ್ಸು ತಡವೆಂದು ತಿಳಿದ ದಿನ ಕಾವಲುಗಾರ ಇನ್ನೂ ಒಂದಿಷ್ಟು ಹೊತ್ತು ಕೂರಬೇಕಾದೀತು, ಅವನ ಸಂಬಳದಲ್ಲಿ ಅದನ್ನೂ ಹಿಡಿಯಿರಿ.